ಮುದ್ರೆ ಕೊನೆಗೆ ನೋಡಿ: ಹಳೆಯ ಕೌಬಾಯ್ ಸ್ಪರ್ ಕೊಳ್ಳುವವರಿಗೊಂದು ಕೈಪಿಡಿ

ನಾನು ಮೊದಲು ಕೊಂಡ ‘ಮೆಕ್‌ಚೆಸ್ನಿ’ ಜೋಡಿಯಲ್ಲಿ ಆ ಹೆಸರೊಂದನ್ನು ಬಿಟ್ಟು ಬೇರೇನೂ ಮೆಕ್‌ಚೆಸ್ನಿಯದಾಗಿರಲಿಲ್ಲ. ಉತ್ತರ ಟೆಕ್ಸಸ್‌ನ ಒಂದು ಸಣ್ಣ ಊರು, ಶನಿವಾರದ ಸಂತೆ. ಮೇಜಿನ ಮೇಲೆ ತುಕ್ಕು ಹಿಡಿದ ಚಿಲಕ, ಲಾಳ, ಲಾಟೀನುಗಳ ನಡುವೆ ಒಂದು ಜೊತೆ ಸ್ಪರ್, ಅಂದರೆ ಕುದುರೆಯನ್ನು ತಿವಿದು ಓಡಿಸಲು ಸವಾರ ಬೂಟಿನ ಹಿಮ್ಮಡಿಗೆ ಕಟ್ಟಿಕೊಳ್ಳುವ ಲೋಹದ ಸಾಧನ. ಮಾರುವವನು ಅದನ್ನು ತಿರುಗಿಸಿ ಒಳಬದಿಯಲ್ಲಿ ಒತ್ತಿದ ಹೆಸರು ತೋರಿಸಿದ: ಹೆಸರಾಂತ ಸ್ಪರ್ ಕಮ್ಮಾರ ಮೆಕ್‌ಚೆಸ್ನಿಯದು. ಹೆಸರು ಓದಿದ್ದೇ ತಡ, ನನ್ನ ಕಣ್ಣು ಬೇರೇನನ್ನೂ ನೋಡಲಿಲ್ಲ. 350 ಡಾಲರ್ ಎಣಿಸಿ ಕೊಟ್ಟು ಬಂದೆ. ಮನೆಯಲ್ಲಿ ಭೂತಗನ್ನಡಿ ಹಿಡಿದಾಗ ವಿಷಯ ಗೊತ್ತಾಯಿತು. ಲೋಹದ ಮೇಲೆ ತುಕ್ಕು ತಿಂದ ಸಣ್ಣ ಸಣ್ಣ ಗುಳಿಗಳಿದ್ದವು, ಅಕ್ಷರಗಳು ಆ ಗುಳಿಗಳ ಮೇಲೆ ಹಾದುಹೋಗಿದ್ದವು. ಅಂದರೆ ಮೊದಲು ತುಕ್ಕು, ಆಮೇಲೆ ಹೆಸರು. ಯಾವುದೋ ಕೊಟ್ಟಿಗೆಯಲ್ಲಿ ದಶಕಗಟ್ಟಲೆ ಬಿದ್ದಿದ್ದ ಅನಾಮಧೇಯ ಸ್ಪರ್‌ಗೆ ಯಾರೋ ಈಚೆಗೆ ನಾಮಕರಣ ಮಾಡಿದ್ದರು.

ಅದಕ್ಕೇ ನಾನು ಹೇಳುವ ಕ್ರಮ ಬೇರೆ. ಎಲ್ಲರೂ ಮೊದಲು ಹೆಸರು ಹುಡುಕುತ್ತಾರೆ, ನೀವು ಅದನ್ನು ಕೊನೆಗೆ ನೋಡಿ. ಸ್ಪರ್ ಎಲ್ಲಿಯದು, ಹೇಗೆ ಮಾಡಿದ್ದು, ಎಷ್ಟು ಸವೆದಿದೆ ಎಂಬುದನ್ನು ವಸ್ತುವೇ ಹೇಳಲಿ. ಆಮೇಲೆ ಹೆಸರು ಅದಕ್ಕೆ ಒಪ್ಪುತ್ತದೋ ಇಲ್ಲವೋ ನೋಡಿದರಾಯಿತು.

ಮೊದಲು ಅಂಗಾಂಗ ಗುರುತಿಟ್ಟುಕೊಳ್ಳಿ

ಬೂಟಿನ ಹಿಮ್ಮಡಿಯನ್ನು ಕುದುರೆಲಾಳದ ಹಾಗೆ ತಬ್ಬಿಕೊಳ್ಳುವ ಬಾಗಿದ ಭಾಗವೇ ಹಿಮ್ಮಡಿಪಟ್ಟಿ. ಅದರ ಹಿಂದಕ್ಕೆ ಚಾಚಿರುವ ಕತ್ತು ಶ್ಯಾಂಕ್. ಶ್ಯಾಂಕಿನ ತುದಿಯ ಸೀಳಿನಲ್ಲಿ ತಿರುಗುವ ಮುಳ್ಳುಚಕ್ರ ರೌವೆಲ್, ಅದನ್ನು ಹಿಡಿದಿರುವುದು ರೌವೆಲ್ ಪಿನ್ನು. ಪಟ್ಟಿಯ ಎರಡೂ ತುದಿಗೆ ಚರ್ಮದ ಬೆಲ್ಟು ಸಿಕ್ಕಿಸುವ ಗುಂಡಿಗಳಿರುತ್ತವೆ. ಕೆಲವು ಅಲುಗಾಡುತ್ತವೆ, ಕೆಲವು ಪಟ್ಟಿಗೇ ಸೇರಿಕೊಂಡಿರುತ್ತವೆ. ಬೂಟಿನ ಅಡಿಯಲ್ಲಿ, ಹಿಮ್ಮಡಿಯ ಮುಂದೆ ಹಾದುಹೋಗುವ ಸರಪಳಿ ಸ್ಪರ್ ಮೇಲಕ್ಕೆ ಜಾರದ ಹಾಗೆ ತಡೆಯುತ್ತದೆ. ಶ್ಯಾಂಕಿನ ಮೇಲೆ ಸಣ್ಣ ಕೊಕ್ಕೆಯೋ ಉಬ್ಬೋ ಇದ್ದರೆ ಅದು ಸವಾರನ ಚರ್ಮದ ಮೇಲುಡುಪು ರೌವೆಲ್‌ಗೆ ಸಿಕ್ಕಿಕೊಳ್ಳದಿರಲಿ ಅಂತ.

ಇನ್ನೊಂದಿದೆ, ಅದು ನನಗೆ ಬಹಳ ಇಷ್ಟ. ರೌವೆಲ್ ಪಿನ್ನಿಗೆ ತೂಗುಹಾಕಿದ ಪುಟ್ಟ ಹನಿಯಾಕಾರದ ಲೋಹದ ತುಣುಕುಗಳು, ಜಿಂಗಲ್ ಬಾಬ್. ಅವುಗಳಿಂದ ಕುದುರೆಗೆ ಏನೂ ಆಗಬೇಕಾಗಿಲ್ಲ, ನಡೆಯುವಾಗ ಝಣಝಣ ಅನ್ನಬೇಕು, ಅಷ್ಟೇ. ಕೌಬಾಯ್‌ನ ಕಾಲಿಗೂ ಗೆಜ್ಜೆ.

ಈ ಪದಗಳನ್ನು ಇಂಗ್ಲಿಷಿನಲ್ಲೇ ಬಾಯಿಗೆ ತಂದುಕೊಳ್ಳಿ. ಮಾರುವವರ ಜೊತೆ ಮಾತಾಡುವಾಗ ‘ಆ ಹಿಂದಿನ ಚಕ್ರ’ ಅಂದರೆ ಬೆಲೆ ಅಲ್ಲೇ ಐವತ್ತು ಡಾಲರ್ ಏರುತ್ತದೆ.

ಟೆಕ್ಸಸ್ಸೋ, ಕ್ಯಾಲಿಫೋರ್ನಿಯಾವೋ

ಎರಡೂ ಕಡೆಯ ಸ್ಪರ್‌ಗಳ ಬೇರು ಒಂದೇ: ಸ್ಪೇನಿನವರು ಮೆಕ್ಸಿಕೋಗೆ ತಂದ ಕುದುರೆ ಸವಾರಿ. ಆದರೆ ಕೊಂಬೆಗಳು ಬೇರೆ ಬೇರೆ ದಿಕ್ಕಿಗೆ ಹೋದವು.

ಕ್ಯಾಲಿಫೋರ್ನಿಯಾ, ನೆವಾಡಾ ಕಡೆಯದು ಒಡವೆಯ ಜಾತಿ. ತೆಳುವಾದ ಪಟ್ಟಿ, ಕೆಳಕ್ಕೆ ಬಾಗಿದ ಶ್ಯಾಂಕ್, ದೊಡ್ಡ ರೌವೆಲ್, ತೂಗಾಡುವ ಗುಂಡಿ, ಸರಪಳಿ, ಜಿಂಗಲ್ ಬಾಬ್. ಸಾಮಾನ್ಯವಾಗಿ ಪಟ್ಟಿ ಬೇರೆ, ಶ್ಯಾಂಕ್ ಬೇರೆ ಮಾಡಿ ಕೂಡಿಸಿರುತ್ತಾರೆ. ಬೆಳ್ಳಿಯನ್ನು ಉಕ್ಕಿನೊಳಗೆ ಕೂರಿಸಿರುತ್ತಾರೆ. ಬೀದರಿನ ಬಿದರಿ ಕೆಲಸ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಉಳಿಯಿಂದ ಕಾಲುವೆ ತೋಡಿ, ಬೆಳ್ಳಿಯನ್ನು ಅದರೊಳಗೆ ಬಡಿದು, ಮಟ್ಟಸ ಮಾಡಿ, ಹಿನ್ನೆಲೆ ಕಪ್ಪಾಗಿಸುವುದು. ಬಿದರಿಯಲ್ಲಿ ಹಿನ್ನೆಲೆ ಸತುವಿನ ಮಿಶ್ರಲೋಹ, ಇಲ್ಲಿ ಉಕ್ಕು. ಬೆರಳಾಡಿಸಿದರೆ ಬೆಳ್ಳಿಯ ಅಂಚು ತಾಕಬಾರದು.

ಟೆಕ್ಸಸ್‌ದು ದುಡಿಮೆಯ ಜಾತಿ. ಒಂದೇ ಉಕ್ಕಿನ ತುಂಡಿನಿಂದ ಪಟ್ಟಿ, ಶ್ಯಾಂಕ್ ಎರಡನ್ನೂ ಬಡಿದು ತೆಗೆದದ್ದು. ಪಟ್ಟಿ ಅಗಲ, ರೌವೆಲ್ ಸಣ್ಣದು, ಸರಪಳಿ ಇಲ್ಲದಿರುವುದೇ ಹೆಚ್ಚು. ಕಮ್ಮಾರರು ಗುಜರಿಗೆ ಬಿದ್ದ ಮೋಟಾರು ಗಾಡಿಯ ಆ್ಯಕ್ಸಲ್ಲನ್ನೂ ಬಿಡಲಿಲ್ಲ. ಅಲಂಕಾರ ಮಾಡಿದರೆ ಬೆಳ್ಳಿ, ತಾಮ್ರ, ಹಿತ್ತಾಳೆಯ ತಗಡು ಕತ್ತರಿಸಿ ಮೇಲೆ ಬೆಸುಗೆ ಹಾಕುವುದು. ಇಸ್ಪೀಟಿನ ನಾಲ್ಕು ಚಿಹ್ನೆಗಳು, ದನಕ್ಕೆ ಹಾಕುವ ಬರೆಯ ಗುರುತು, ಯಜಮಾನನ ಇನಿಷಿಯಲ್ಲು ಇಂಥವು. ಇಲ್ಲಿ ಬೆರಳಾಡಿಸಿದರೆ ತಗಡಿನ ಅಂಚು ತಾಕುತ್ತದೆ. ತಗಡು ಬೆಳ್ಳಿಯೋ ಜರ್ಮನ್ ಸಿಲ್ವರ್ರೋ ಎಂಬ ಅನುಮಾನ ಬಂದರೆ ಮಬ್ಬಾದ ಕಡೆ ನೋಡಿ. ಬೆಳ್ಳಿ ಕಪ್ಪಾಗುತ್ತದೆ, ಜರ್ಮನ್ ಸಿಲ್ವರ್ ಹಳದಿ ಬೂದಿಗೆ ತಿರುಗುತ್ತದೆ. ನಮ್ಮ ಮನೆಗಳ ಪೂಜೆ ತಟ್ಟೆಯಲ್ಲಿ ಕಂಡ ವ್ಯತ್ಯಾಸವೇ.

ಅಲಂಕಾರ ಒಂದೇ ಬದಿಗಿದ್ದರೆ ಗಾಬರಿಯಾಗಬೇಡಿ, ಜನರಿಗೆ ಕಾಣುವುದು ಹೊರಬದಿ ಮಾತ್ರ. ಅದರಿಂದಲೇ ಎಡಗಾಲಿನದು ಯಾವುದು, ಬಲಗಾಲಿನದು ಯಾವುದು ಅಂತ ಗೊತ್ತಾಗುತ್ತದೆ. ಎರಡೂ ಎಡಗಾಲಿನವೇ ಆಗಿದ್ದರೆ ಯಾರೋ ಎರಡು ಒಂಟಿಗಳನ್ನು ಕೂಡಿಸಿ ಮದುವೆ ಮಾಡಿದ್ದಾರೆ. ಒಂಟಿ ಸ್ಪರ್‌ನ ಬೆಲೆ ಜೋಡಿಯ ಅರ್ಧಕ್ಕಿಂತ ಬಹಳ ಕಡಿಮೆ, ಹಾಗಾಗಿ ಇಂಥ ಮದುವೆಗಳು ನಡೆಯುತ್ತಲೇ ಇರುತ್ತವೆ.

ಎರಡರ ಗುಣವೂ ಬೆರೆತವು ಉತ್ತರದ ವಯೋಮಿಂಗ್, ಮೊಂಟಾನಾ ಬಯಲುಗಳ ಕಡೆ ಸಿಗುತ್ತವೆ. ಹೊಸಬರು ಅವನ್ನು ಸದ್ಯಕ್ಕೆ ಬದಿಗಿಡುವುದೇ ಒಳ್ಳೆಯದು.

ಬಡಿದದ್ದೋ, ಎರಕ ಹೊಯ್ದದ್ದೋ

ಜೋಡಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ಕುಲುಮೆಯಲ್ಲಿ ಬಡಿದ ಎರಡು ಸ್ಪರ್ ಅಣ್ಣತಮ್ಮಂದಿರ ಹಾಗೆ ಹೋಲುತ್ತವೆ, ಅವಳಿಗಳ ಹಾಗಲ್ಲ. ಪಟ್ಟಿಯ ದಪ್ಪದಲ್ಲಿ ಕೂದಲೆಳೆ ವ್ಯತ್ಯಾಸ, ಶ್ಯಾಂಕಿನ ಬಾಗಿನಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಎರಡರಲ್ಲೂ ಒಂದೇ ಜಾಗದಲ್ಲಿ ಒಂದೇ ಥರದ ಗುಳಿ ಕಂಡರೆ ಅಚ್ಚಿನಿಂದ ಬಂದದ್ದು. ಎರಕದ ಮೈ ನುಣ್ಣಗಿದ್ದರೂ ಮರಳು ಮರಳಾಗಿ ಕಾಣುತ್ತದೆ, ಅಂಚುಗಳು ಸೋಪಿನ ಹಾಗೆ ಮೊಂಡಾಗಿರುತ್ತವೆ, ಅಚ್ಚಿನ ಎರಡು ಹೋಳು ಕೂಡಿದ ಗೆರೆ ಎಲ್ಲೋ ಒಂದು ಕಡೆ ಉಳಿದಿರುತ್ತದೆ.

ಎರಕವಾದ ಮಾತ್ರಕ್ಕೆ ನಕಲಿ ಅಲ್ಲ, ಇದು ಮುಖ್ಯ. ಅಮೆರಿಕದ ಪೂರ್ವ ಭಾಗದ ಕಾರ್ಖಾನೆಗಳು ನೂರು ವರ್ಷದ ಹಿಂದೆಯೇ ಎರಕದ ಸ್ಪರ್‌ಗಳನ್ನು ರಾಶಿ ರಾಶಿ ಮಾಡಿ ಅಂಚೆಯಲ್ಲಿ ಮಾರಿದವು. ಬಹುಪಾಲು ಕೌಬಾಯ್‌ಗಳು ತೊಟ್ಟದ್ದು ಅವನ್ನೇ, ಬೆಳ್ಳಿಯದ್ದನ್ನಲ್ಲ. ಆದರೆ ಎರಕದ ಮೈ ಮೇಲೆ ಕೈಯಿಂದ ಬಡಿಯುತ್ತಿದ್ದ ಕಮ್ಮಾರನ ಹೆಸರಿದ್ದರೆ ಮಾತ್ರ ಎದ್ದು ಬನ್ನಿ.

ಬೆಸುಗೆ, ಸ್ಕ್ರೂಗಳನ್ನೂ ನೋಡಿ. ಮೀನಿನ ಹುರುಪೆಯಂತೆ ಸಾಲಾಗಿ ಉಬ್ಬಿದ ವೆಲ್ಡಿಂಗ್ ಗೆರೆ ಇದ್ದರೆ ಅದು ಈಚಿನ ಕೆಲಸ ಅಥವಾ ಈಚಿನ ರಿಪೇರಿ. ಪ್ಲಸ್ ಆಕಾರದ ಸ್ಕ್ರೂ ಪೇಟೆಗೆ ಬಂದದ್ದೇ 1930ರ ದಶಕದಲ್ಲಿ. ‘1890ರದ್ದು’ ಅಂತ ಮಾರುವ ಸ್ಪರ್‌ನಲ್ಲಿ ಅದೇನು ಮಾಡುತ್ತಿದೆ ಅಂತ ಮಾರುವವನನ್ನೇ ಕೇಳಿ.

ಸವೆತ ಸುಳ್ಳು ಹೇಳುವುದು ಕಷ್ಟ

ತುಕ್ಕನ್ನು ಒಂದು ರಾತ್ರಿಯಲ್ಲಿ ಬರಿಸಬಹುದು, ಆ್ಯಸಿಡ್ ಸಾಕು. ಸವೆತವನ್ನು ಬರಿಸಬೇಕಾದರೆ ಕುದುರೆ ಏರಬೇಕು. ರೌವೆಲ್ ಕಳಚಲಾಗದಿದ್ದರೂ ಅಲುಗಾಡಿಸಿ ನೋಡಿ. ವರ್ಷಗಟ್ಟಲೆ ತಿರುಗಿದ ರೌವೆಲ್‌ನ ತೂತು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ, ಪಿನ್ನು ನಡುವೆ ತೆಳ್ಳಗಾಗಿರುತ್ತದೆ. ಸರಪಳಿಯ ಕೊಂಡಿಗಳು ಒಂದಕ್ಕೊಂದು ತಾಗುವ ಜಾಗದಲ್ಲಿ ಮಾತ್ರ ಸವೆದಿರುತ್ತವೆ. ನೆಲಕ್ಕೆ ಉಜ್ಜಿದ ಮುಳ್ಳುಗಳ ತುದಿ ಮೊಂಡಾಗಿರುತ್ತದೆ. ಪಟ್ಟಿಯ ಒಳಬದಿ ಬೂಟಿನ ಚರ್ಮಕ್ಕೆ ತಿಕ್ಕಿ ತಿಕ್ಕಿ ನಯವಾಗಿರುತ್ತದೆ. ಉಬ್ಬಿದ ಕಡೆ ಹೊಳಪು, ಸಂದಿಗಳಲ್ಲಿ ಕಪ್ಪು, ಹಳೆಯ ವಸ್ತು ಹೀಗಿರುತ್ತದೆ. ಮೈಯೆಲ್ಲ ಒಂದೇ ಕಿತ್ತಳೆ ತುಕ್ಕು ಇದ್ದು ಪಿನ್ನು ಮಾತ್ರ ಗಟ್ಟಿಮುಟ್ಟಾಗಿದ್ದರೆ, ಆ ಸ್ಪರ್ ಕುದುರೆಯನ್ನು ಕಂಡೇ ಇಲ್ಲ.

ನನ್ನ ಆ 350 ಡಾಲರಿನ ಜೋಡಿಯಲ್ಲಿ ಸವೆತ ಅಪ್ಪಟವಾಗಿತ್ತು. ಸ್ಪರ್ ಹಳೆಯದೇ, ಹೆಸರು ಮಾತ್ರ ಹೊಸದು. ಹೆಚ್ಚಿನ ಮೋಸ ಹೀಗೇ ಅರ್ಧ ನಿಜದ ಜೊತೆ ಬರುತ್ತದೆ.

ಈಗ ಮುದ್ರೆ

ಪಟ್ಟಿಯ ಒಳಬದಿ, ಗುಂಡಿಯ ಹಿಂಬದಿ, ಶ್ಯಾಂಕಿನ ಅಡಿ, ಈ ಮೂರು ಕಡೆ ಹುಡುಕಿ. ನೇರ ಬೆಳಕು ಬೇಡ. ಮೊಬೈಲಿನ ಟಾರ್ಚನ್ನು ಪಕ್ಕದಿಂದ, ಲೋಹಕ್ಕೆ ಹೆಚ್ಚುಕಡಿಮೆ ಒರಗಿಸಿ ಹಿಡಿಯಿರಿ, ಸವೆದ ಅಕ್ಷರವೂ ನೆರಳಾಗಿ ಏಳುತ್ತದೆ. ಚಿಕ್ಕಂದಿನಲ್ಲಿ ನಾಲ್ಕಾಣೆಯ ಮೇಲೆ ಹಾಳೆಯಿಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ತೆಳು ಕಾಗದದಿಂದ ಹಾಗೇ ಅಚ್ಚು ತೆಗೆಯಿರಿ.

ಅಕ್ಷರದ ತಳದ ಬಣ್ಣ ಸುತ್ತಲಿನ ಲೋಹದ ಬಣ್ಣವೇ ಇರಬೇಕು. ತಳ ಬೆಳ್ಳಗೆ ಮಿನುಗಿದರೆ ಹೊಸ ಏಟು. ಏಟು ಬಿದ್ದಾಗ ಅಕ್ಷರದ ಅಂಚಿನಲ್ಲಿ ಲೋಹ ಸ್ವಲ್ಪ ಉಬ್ಬುತ್ತದೆ, ಹಳೆಯದರಲ್ಲಿ ಆ ಉಬ್ಬು ಬೂಟಿಗೆ ಉಜ್ಜಿ ಸಮವಾಗಿರುತ್ತದೆ. ಇನ್ನು ತುಕ್ಕಿನ ಗುಳಿಯ ಮೇಲೆ ಅಕ್ಷರ ಹಾದಿದ್ದರೆ ಏನರ್ಥ ಅಂತ ನಾನು ಆಗಲೇ ದುಡ್ಡು ಕೊಟ್ಟು ಕಲಿತಿದ್ದೇನೆ.

ಏನೂ ಬರೆದಿಲ್ಲದ, ಆದರೆ ಅರ್ಧ ಇಂಚು ಜಾಗ ಅರದಿಂದ ತೀಡಿದ ಹಾಗೆ ಚಪ್ಪಟೆಯಾಗಿರುವ ಪಟ್ಟಿ ಕಂಡರೂ ಹುಷಾರು. ಅಮೆರಿಕಕ್ಕೆ ಆಮದಾಗುವ ಸರಕಿನ ಮೇಲೆ ದೇಶದ ಹೆಸರಿರಬೇಕೆಂದು 1890ರ ಮೆಕಿನ್ಲಿ ಸುಂಕ ಕಾಯ್ದೆ ಹೇಳಿತು. ಮೆಕ್ಸಿಕೋ, ಕೊರಿಯಾ, ನಮ್ಮ ಭಾರತ, ಎಲ್ಲ ಕಡೆಯಿಂದಲೂ ಹೊಸ ಸ್ಪರ್‌ಗಳು ಬರುತ್ತವೆ. ಕಾನ್ಪುರವಂತೂ ಜೀನು, ಲಗಾಮುಗಳ ದೊಡ್ಡ ಊರು. ಹೊಸದನ್ನು ಹೊಸದೆಂದೇ ಮಾರಿದರೆ ತಕರಾರಿಲ್ಲ. ದೇಶದ ಹೆಸರು ತೀಡಿ ತುಕ್ಕು ಬರಿಸಿ ‘ನಮ್ಮ ತಾತನದು’ ಅಂದಾಗಲೇ ತೊಂದರೆ. ತಾತನ ಕಥೆಗೆ ಕಿವಿ ಕೊಡಿ, ದುಡ್ಡು ಕೊಡಬೇಡಿ. ಫೋಟೋವೋ ಹಳೆಯ ರಸೀದಿಯೋ ಇದ್ದರೆ ಆ ಮಾತು ಬೇರೆ.

ಇನ್ನೊಂದು ತೊಡಕು: ಮುದ್ರೆಯಲ್ಲಿರುವುದು ಮಾಡಿದವನ ಹೆಸರೇ ಆಗಬೇಕಿಲ್ಲ, ಮಾರಿದವನದೂ ಇರಬಹುದು. ವಿಸೇಲಿಯಾ ಸ್ಟಾಕ್ ಸ್ಯಾಡಲ್ ಕಂಪನಿ, ಆರೆಗಾನ್‌ನ ಪೆಂಡಲ್ಟನ್‌ನ ಹ್ಯಾಮ್ಲಿ ಇವೆಲ್ಲ ಮೂಲತಃ ಜೀನಿನ ಅಂಗಡಿಗಳು. ಕಾಸಿನ ಸರ ಮಾಡಿದ ಅಕ್ಕಸಾಲಿ ಒಬ್ಬ, ಡಬ್ಬಿಯ ಮೇಲಿನ ಹೆಸರು ಅಂಗಡಿಯದು, ಅದೇ ಲೆಕ್ಕ.

ಮೊದಲು ಪರಿಚಯವಾಗಬೇಕಾದವರು

ಕಾರ್ಖಾನೆಗಳಿಂದ ಶುರುಮಾಡಿ, ಯಾಕೆಂದರೆ ನಿಮ್ಮ ಕೈಗೆ ಮೊದಲು ಸಿಗುವುದು ಅವೇ. ನ್ಯೂಜೆರ್ಸಿಯ ನ್ಯೂವರ್ಕ್‌ನಲ್ಲಿ 1860ರ ದಶಕದಲ್ಲಿ ಆಗಸ್ಟ್ ಬ್ಯೂರ್ಮನ್ ಶುರುಮಾಡಿದ ಕಂಪನಿಯ ಗುರುತು ನಕ್ಷತ್ರ. ತುಕ್ಕು ಹಿಡಿಯದ ‘ಹರ್ಕ್ಯುಲಿಸ್ ಬ್ರಾಂಜ್’ ಎಂಬ ಮಿಶ್ರಲೋಹ ಇವರದು. ಹಳದಿ ಮೈ, ಅಯಸ್ಕಾಂತಕ್ಕೆ ಅಂಟುವುದಿಲ್ಲ. ಕನೆಕ್ಟಿಕಟ್‌ನ ನ್ಯೂ ಬ್ರಿಟನ್‌ನ ನಾರ್ತ್ ಅಂಡ್ ಜಡ್ ಕಂಪನಿಯ ಗುರುತು ಹಡಗಿನ ಲಂಗರು. 1926ರಲ್ಲಿ ಲಂಗರಿನವರು ನಕ್ಷತ್ರದವರನ್ನು ಕೊಂಡರು. ಕೊಂಡ ಮೇಲೂ ನಕ್ಷತ್ರ ತಕ್ಷಣ ಮಾಯವಾಗಲಿಲ್ಲ, ಹಾಗಾಗಿ ನಕ್ಷತ್ರ ಕಂಡ ಮಾತ್ರಕ್ಕೆ 1926ಕ್ಕಿಂತ ಹಿಂದಿನದು ಅನ್ನಬೇಡಿ. ಲಂಗರಿನ ಮುದ್ರೆ ಬಹಳ ಸಣ್ಣದು, ಗುಳಿಯೆಂದೇ ತಿಳಿದು ದಾಟಿಹೋಗುತ್ತೇವೆ. ಈ ಎರಡು ಕಂಪನಿಗಳ ಸಾದಾ ಜೋಡಿ ನೂರು ಡಾಲರ್ ಆಸುಪಾಸಿನಲ್ಲೇ ನನಗೆ ಸಿಕ್ಕಿವೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಟೆಕ್ಸಸ್‌ಗೆ ಬಂದರೆ ಮೊದಲ ಹೆಸರು ಜಾನ್ ರಾಬರ್ಟ್ ಮೆಕ್‌ಚೆಸ್ನಿ. 1866ರಲ್ಲಿ ಹುಟ್ಟಿದ್ದು ಇಂಡಿಯಾನಾದಲ್ಲಿ, ಕೆಲಸ ಶುರುವಾದದ್ದು ಇಂದಿನ ಒಕ್ಲಹೋಮಾದ ಬ್ರೋಕನ್ ಆ್ಯರೋದಲ್ಲಿ. 1890ರ ಹೊತ್ತಿಗೆ ಟೆಕ್ಸಸ್‌ನ ಗೇನ್ಸ್‌ವಿಲ್, 1910ರಲ್ಲಿ ಮತ್ತೆ ಒಕ್ಲಹೋಮಾದ ಪಾಲ್ಸ್ ವ್ಯಾಲಿ. 1928ರಲ್ಲಿ ತೀರಿಕೊಂಡ ಮೇಲೆ ಕಾರ್ಯಾಗಾರ ನೊಕೋನಾ ಬೂಟ್ ಕಂಪನಿಯ ಪಾಲಾಯಿತು. ‘ಗ್ಯಾಲ್ ಲೆಗ್’ ವಿನ್ಯಾಸವನ್ನು ಜನಪ್ರಿಯಗೊಳಿಸಿದ್ದು ಮೆಕ್‌ಚೆಸ್ನಿಯೇ: ಶ್ಯಾಂಕಿನ ಜಾಗದಲ್ಲಿ ಹೆಣ್ಣಿನ ಕಾಲು, ಅದಕ್ಕೆ ಬೆಳ್ಳಿ, ತಾಮ್ರ, ಹಿತ್ತಾಳೆಯಲ್ಲಿ ಕಾಲುಚೀಲ, ಚೀಲದ ಪಟ್ಟಿ, ಪಾದರಕ್ಷೆ. ಮೆಕ್‌ಚೆಸ್ನಿಯ ಎಷ್ಟೋ ಸ್ಪರ್‌ಗಳ ಮೇಲೆ ಹೆಸರೇ ಇಲ್ಲ. ಹೆಸರಿಲ್ಲದ ಮೆಕ್‌ಚೆಸ್ನಿ ನಿಜವಾಗಿರಬಹುದು, ಹೆಸರಿರುವುದು ಸುಳ್ಳಾಗಿರಬಹುದು. ಮುದ್ರೆ ಕೊನೆಗೆ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಟೆಕ್ಸಸ್‌ನ ಜೇಮ್ಸ್ ಆಸ್ಕರ್ ಬ್ಯಾಸ್ ಇದಕ್ಕೆ ತದ್ವಿರುದ್ಧ. ತನ್ನ ಹೆಸರಿನ ಜೊತೆ ಊರಿನ ಹೆಸರನ್ನೂ ಒತ್ತಿದ ಮನುಷ್ಯ. ಮೊದಲು ಕ್ವಿಟಾಕ್ವೆ (ಅಲ್ಲಿಯವರ ಬಾಯಲ್ಲಿ ‘ಕಿಟಿಕ್ವೇ’), 1905ರಿಂದ ಟುಲಿಯಾ. ಊರು ಓದಿದರೆ ಕಾಲ ಸಿಕ್ಕಿತು. ದಕ್ಷಿಣದ ವಿಕ್ಟೋರಿಯಾ ಊರಿನ ಜೋ ಬಿಯಾಂಕಿಯ ಕೆಲಸಕ್ಕೆ ಮುದ್ರೆಯ ಹಂಗೇ ಕಡಿಮೆ, ಆ ಶ್ಯಾಂಕಿನ ಆಕಾರಕ್ಕೇ ‘ವಿಕ್ಟೋರಿಯಾ ಶ್ಯಾಂಕ್’ ಅಂತ ಹೆಸರು ಬಿದ್ದಿದೆ.

ಪಾಸ್ಕಲ್ ಕೆಲಿ 1903ರಲ್ಲಿ, ಇನ್ನೂ ಹದಿಹರೆಯದಲ್ಲೇ, ಕೆಲಸ ಶುರುಮಾಡಿದವರು. ಡಾಲ್‌ಹಾರ್ಟ್‌ನಲ್ಲಿ ಬೆಳೆದ ವ್ಯಾಪಾರ 1925ರಲ್ಲಿ ಎಲ್ ಪಾಸೊಗೆ ಹೋಯಿತು. ಮುದ್ರೆ ಕಾಲಕಾಲಕ್ಕೆ ಬದಲಾಗಿದೆ: ಕ್ಲೈಡ್ ಪಾರ್ಕರ್ ಪಾಲುದಾರರಾಗಿದ್ದಾಗ ‘ಕೆ.ಬಿ. ಅಂಡ್ ಪಿ.’, ಆಮೇಲೆ ‘ಕೆಲಿ ಬ್ರದರ್ಸ್’, ಇನ್ನೂ ಮುಂದೆ ‘ಪಿ.ಎಂ. ಕೆಲಿ ಅಂಡ್ ಸನ್ಸ್’. ಅಗ್ಗದ ಮಾಲಿಗೆ ‘ರೋಡಿಯೋ’ ಎಂಬ ಬೇರೆ ಮುದ್ರೆ. ಆಸ್ಕರ್ ಕ್ರಾಕೆಟ್‌ರದೂ ಇಂಥದೇ ಕಥೆ. ಕ್ಯಾನ್ಸಸ್ ಕಡೆಯಿಂದ 1943ರಲ್ಲಿ ಕೊಲೊರಾಡೊದ ಬೌಲ್ಡರ್‌ಗೆ ಬಂದರು, 1949ರಲ್ಲಿ ತೀರಿಕೊಂಡರು, ಬಳಿಕ ವ್ಯಾಪಾರ ರೆನಾಲ್ಡೆ ಎಂಬ ಇನ್ನೊಬ್ಬ ತಯಾರಕರ ಕೈಸೇರಿತು. ಬರೀ ‘ಕ್ರಾಕೆಟ್’ ಇದ್ದರೆ ಹಳೆಯದಾಗಿರುವ ಸಾಧ್ಯತೆ ಹೆಚ್ಚು, ‘ಕ್ರಾಕೆಟ್ ರೆನಾಲ್ಡೆ’ ಎಂದಿದ್ದರೆ 1950ರ ದಶಕ ಅಥವಾ ಈಚಿನದು.

ಪಶ್ಚಿಮಕ್ಕೆ ಒಂದೇ ಹೆಸರು ಹೇಳುತ್ತೇನೆ, ಗ್ವಾಡಲೂಪೆ ಗಾರ್ಸಿಯಾ. ಮೆಕ್ಸಿಕೋದಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದಲ್ಲಿ ಕಲಿತು, 1890ರ ದಶಕದಲ್ಲಿ ನೆವಾಡಾದ ಎಲ್ಕೊದಲ್ಲಿ ಅಂಗಡಿ ತೆರೆದವರು. 1904ರ ಸೇಂಟ್ ಲೂಯಿಸ್ ವಿಶ್ವಮೇಳದಲ್ಲಿ ಇವರ ಜೀನಿಗೆ ಚಿನ್ನದ ಪದಕ ಬಂತು. ಒಳ್ಳೆಯ ಗಾರ್ಸಿಯಾ ಜೋಡಿಗೆ ಸಾವಿರಗಳಲ್ಲಿ ಮಾತು. ಹಾಗಾಗಿ ನಕಲಿಗಳೂ ಹೆಚ್ಚು, ಮೊದಲ ವರ್ಷ ಆ ಕಡೆ ತಲೆ ಹಾಕಬೇಡಿ.

ಹೆಸರಿನ ಬದಲು ಬರೀ ಸಂಖ್ಯೆ ಇದ್ದರೆ? ಕೊಲೊರಾಡೊದ ಕ್ಯಾನ್ಯನ್ ಸಿಟಿ ಜೈಲಿನಲ್ಲಿ ಕೈದಿಗಳು ಸ್ಪರ್ ಮಾಡುತ್ತಿದ್ದರು. ಒಳಗೆ ಒತ್ತಿರುವುದು ಮಾಡಿದವನ ಕೈದಿ ಸಂಖ್ಯೆ. ಅಂಥದೊಂದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ, ಬೆಳ್ಳಿಯ ಕೆಲಸ ಅಷ್ಟು ನಾಜೂಕು. ಅವನಿಗೆ ಹೊತ್ತಿಗೇನೂ ಬರವಿರಲಿಲ್ಲ. ಹಾಗಂತ ಸಂಖ್ಯೆಯೆಲ್ಲ ಕೈದಿಯದಲ್ಲ, ಕ್ಯಾಟಲಾಗಿನ ಮಾದರಿ ಸಂಖ್ಯೆಯೂ ಇರಬಹುದು.

ಎಲ್ಲಿ ನೋಡುವುದು, ಎಲ್ಲಿ ಕೊಳ್ಳುವುದು

ಕೊಳ್ಳುವ ಮುಂಚೆ ನೂರು ಜೋಡಿಯಾದರೂ ನೋಡಿ. ಡಾಲಸ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಇದು ಒಂದು ವಾರಾಂತ್ಯದ ಮಾತು. ಐ-35 ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಸುಮಾರು 70 ಮೈಲಿಗೆ ಗೇನ್ಸ್‌ವಿಲ್, ಮುಂದೆ ಪಾಲ್ಸ್ ವ್ಯಾಲಿ, ಮೆಕ್‌ಚೆಸ್ನಿ ಬದುಕಿದ ದಾರಿಯೇ ಅದು. ಕೊನೆಗೆ ಒಕ್ಲಹೋಮಾ ಸಿಟಿಯ ನ್ಯಾಷನಲ್ ಕೌಬಾಯ್ ಅಂಡ್ ವೆಸ್ಟರ್ನ್ ಹೆರಿಟೇಜ್ ಮ್ಯೂಸಿಯಂ. ಗಾಜಿನಾಚೆಯ ಅಪ್ಪಟ ವಸ್ತುವನ್ನು ಒಂದು ಗಂಟೆ ನೋಡಿದ ಕಣ್ಣಿಗೆ ಸಂತೆಯ ನಕಲಿ ಕಿರಿಕಿರಿ ಮಾಡತೊಡಗುತ್ತದೆ. ಕೊಳ್ಳಲು ಟೆಕ್ಸಸ್‌ನ ಕ್ಯಾಂಟನ್ ಊರಿನ ತಿಂಗಳ ಸಂತೆ ಇದೆ, ಪ್ರತಿ ತಿಂಗಳ ಮೊದಲ ಸೋಮವಾರದ ಹಿಂದಿನ ನಾಲ್ಕು ದಿನ. ಜೇಬಿನಲ್ಲಿ ಭೂತಗನ್ನಡಿ, ಅಯಸ್ಕಾಂತ, ಅಳತೆಪಟ್ಟಿ ಇರಲಿ. ಆನ್‌ಲೈನಿನಲ್ಲಾದರೆ ಪಟ್ಟಿಯ ಒಳಬದಿ, ಪಿನ್ನು, ಗುಂಡಿಯ ಹಿಂಬದಿ ಇಷ್ಟರ ಫೋಟೋ ಕೇಳಿ. ಕೊಡದಿದ್ದರೆ ಮುಂದಿನದಕ್ಕೆ ಹೋಗಿ.

ಕೊಂಡ ದಿನವೇ ಬರೆದಿಡಿ: ಎಲ್ಲಿ, ಯಾವಾಗ, ಎಷ್ಟಕ್ಕೆ, ಪಟ್ಟಿಯ ಅಗಲ, ರೌವೆಲ್‌ನ ವ್ಯಾಸ, ಮುಳ್ಳುಗಳ ಸಂಖ್ಯೆ, ಮುದ್ರೆಯ ಅಚ್ಚು.

ತೊಳೆಯಬೇಡಿ

ವೈರ್ ಬ್ರಷ್, ಬಫಿಂಗ್ ಚಕ್ರ, ಆ್ಯಸಿಡ್ ಯಾವುದೂ ಬೇಡ. ಒಣಬಟ್ಟೆಯಿಂದ ಧೂಳು ಒರೆಸಿ, ಹಸಿ ತುಕ್ಕಿದ್ದರೆ ತೆಳು ಎಣ್ಣೆ ಹಚ್ಚಿ ಎರಡು ದಿನ ಬಿಟ್ಟು ಮೆತ್ತಗೆ ಒರೆಸಿ, ಮೇಲೆ ಮ್ಯೂಸಿಯಂನವರು ಬಳಸುವ ಮೇಣದ ಒಂದು ತೆಳು ಪದರ. ಹಳೆಯ ಚರ್ಮದ ಬೆಲ್ಟು ಬಿರಿಯುತ್ತಿದ್ದರೂ ಎಸೆಯಬೇಡಿ, ಬಿಚ್ಚಿ ಬೇರೆ ಇಡಿ, ಒದ್ದೆ ಚರ್ಮ ಲೋಹವನ್ನು ತಿನ್ನುತ್ತದೆ. ಆ ಕಪ್ಪು ಮೈಬಣ್ಣ ಬರಲು ಎಂಬತ್ತು ವರ್ಷ ಬೇಕು, ಹೋಗಲು ಹತ್ತು ನಿಮಿಷ ಸಾಕು. ಕೊಳ್ಳುವವರು ಹಣ ಕೊಡುವುದೇ ಆ ಬಣ್ಣಕ್ಕೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮನೆಯವರಿಗೆ ಹೇಳಿರಲಿಲ್ಲ. ಹಾಸನದಿಂದ ಅಮ್ಮ ಬಂದಿದ್ದರು. ಆಫೀಸಿನಿಂದ ಬಂದಾಗ ಸಿಂಕಿನ ಪಕ್ಕ ಹುಣಸೆಹಣ್ಣು, ಉಪ್ಪು, ತೆಂಗಿನ ನಾರು.

‘ಇದೇನೋ ಮಗಾ, ಇಷ್ಟು ಕಿಲುಬು ಹಿಡಿದಿದ್ದನ್ನ ಷೋಕೇಸಲ್ಲಿ ಇಟ್ಕೊಂಡಿದೀಯ. ನಾಲ್ಕು ಜನ ಬಂದ್ರೆ ಏನಂದ್ಕೋತಾರೆ? ಒಂದು ಆಯ್ತು, ಇನ್ನೊಂದು ಕೈನೋವು ಅಂತ ಬಿಟ್ಟೆ. ನಾಳೆ ಉಜ್ತೀನಿ ಬಿಡು.’

ಹರ್ಕ್ಯುಲಿಸ್ ಬ್ರಾಂಜ್ ಜೋಡಿ, ನಕ್ಷತ್ರದ ಮುದ್ರೆಯದು. ಎಡಗಾಲಿನದು ದೇವರಮನೆಯ ಗಂಟೆಯ ಹಾಗೆ ಥಳಥಳ ಅನ್ನುತ್ತಿತ್ತು. ಬಲಗಾಲಿನದನ್ನು ಅವತ್ತೇ ರಾತ್ರಿ ಅಟ್ಟದ ಮೇಲೆ ಬಚ್ಚಿಟ್ಟೆ. ಅಮ್ಮ ಊರಿಗೆ ಹೋದ ಮೇಲೆ ಎರಡನ್ನೂ ಮತ್ತೆ ಷೋಕೇಸಿನಲ್ಲಿ ಪಕ್ಕಪಕ್ಕ ಇಟ್ಟಿದ್ದೇನೆ. ಸಂಗ್ರಹ ನೋಡಲು ಬಂದವರು ಮೊದಲು ಕೇಳುವುದು ಆ ಜೋಡಿಯ ಬಗ್ಗೆಯೇ.